ಹೊಸ್ತಿಲಿನಿಂದ ಎರಚಿದ ನೀರು

ಹಸಿ ತೆಂಗಿನ ಗರಿ, ಆಗತಾನೇ ಸೀಳಿದ ಬಿದಿರು, ನೀರು ಚಿಮುಕಿಸಿದ ಮಣ್ಣು, ಈ ಮೂರೂ ಸೇರಿದ ವಾಸನೆ ಮೂಗಿಗೆ ಬಡಿದರೆ ಎಲ್ಲರಿಗೂ ಮದುವೆ ನೆನಪಾಗುತ್ತದೆ. ನಾನು ಅಲ್ಲಿಂದ ಎದ್ದು ಹೋಗುತ್ತೇನೆ. ಮೊನ್ನೆ ತಮ್ಮನ ಮಗಳ ಮದುವೆಗೆ ಮನೆಯ ಮುಂದೆ ಚಪ್ಪರ ಏಳುತ್ತಿದ್ದಾಗಲೂ ಹಾಗೇ ಆಯಿತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದ ನನ್ನನ್ನು ಕಂಡು ತಮ್ಮನ ಹೆಂಡತಿ, "ನಮ್ಮತ್ತಿಗೆಗೆ ಚಪ್ಪರ ಕಂಡ್ರಾಗಲ್ಲ ಕಣ್ರೀ, ಅವ್ರಿಗೆ ಹಾಕ್ಸೋರು ಯಾರೂ ಸಿಕ್ಲಿಲ್ವಲ್ಲ" ಎಂದು ಎಲ್ಲರನ್ನೂ ನಗಿಸಿದಳು. ಐವತ್ತರ ಹತ್ತಿರದ, ಮದುವೆಯಾಗದ ಮೇಷ್ಟ್ರಮ್ಮನ ಮೇಲೆ ಇಷ್ಟೂ ತಮಾಷೆ ನಡೆಯದಿದ್ದರೆ ಅದೆಂಥ ಮದುವೆಮನೆ? ನಾನೂ ನಕ್ಕೆ.

ಗರಿ ಹೆಣೆಯಲು ಕೇರಿಯಿಂದ ಮದಲಿ ಬಂದಿದ್ದಳು. ಅವಳ ಹೆಸರು ಮದಲೇನಮ್ಮ, ಆದರೆ ಪೂರ್ತಿ ಕರೆದವರಿಲ್ಲ. ಈ ಸುತ್ತಿನಲ್ಲಿ ಅವಳ ಹಾಗೆ ಬಿಗಿಯಾಗಿ ಗರಿ ಹೆಣೆಯುವವರೂ ಇಲ್ಲ. ಅಂಗಳದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎಳೆ ಮಡಿಸುತ್ತಿದ್ದಳು. ಆ ವಾಸನೆ, ಆ ಕೈ, ಎರಡೂ ಒಟ್ಟಿಗೆ ಎದುರಿಗೆ ಬಂದು ಮೂವತ್ತು ವರ್ಷವಾಗಿತ್ತು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಮೊದಲ ಮಹಾಯುದ್ಧಕ್ಕೆ ಮುಂಚಿನ ಮಾತು. ನನಗೆ ಹತ್ತೊಂಬತ್ತು. ಹುಣಸೂರಿನಿಂದ ಪಿರಿಯಾಪಟ್ಟಣದ ದಾರಿಯಲ್ಲಿ ಎರಡು ಹರದಾರಿ ನಡೆದರೆ ನಮ್ಮ ಊರು. ನಮ್ಮಪ್ಪ ಚೌರಪ್ಪ ಅಲ್ಲಿನ ಸಣ್ಣ ಕಥೋಲಿಕ ಸಭೆಗೆ ಉಪದೇಶಿ. ಗುರುಗಳು ಬಿಳಿ ಗಡ್ಡದ ಪರದೇಶದವರು, ಕುದುರೆಯ ಮೇಲೆ ಯಡತೊರೆಯಿಂದ ಹೆಗ್ಗಡದೇವನಕೋಟೆಯ ಕಾಡಂಚಿನವರೆಗೆ ಸುತ್ತುತ್ತಿದ್ದವರು. ತಿಂಗಳಿಗೊಮ್ಮೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನ ಜಪ ಹೇಳಿಸುವುದು, ಸತ್ತವರನ್ನು ಮಣ್ಣು ಮಾಡಿಸುವುದು, ಜಗಳ ಬಿಡಿಸುವುದು ಎಲ್ಲ ಅಪ್ಪನ ಪಾಲಿನದು. ಮಕ್ಕಳಿಗೆ ಜ್ಞಾನೋಪದೇಶ ಬಾಯಿಪಾಠ ಮಾಡಿಸುವುದು ನನ್ನ ಪಾಲಿಗೆ.

ಚರ್ಚಿನ ನಡುವೆ ಸೊಂಟದಮಟ್ಟದ ಮರದ ಕಟಾಂಜನವಿತ್ತು. ಅದರ ಮುಂದೆ ನಾವು, ಅಂದರೆ ಮೂರು ತಲೆಮಾರಿನ ಹಿಂದೆ ಒಕ್ಕಲು ಮನೆಗಳಿಂದ ಕ್ರೈಸ್ತರಾದವರು. ಹಿಂದೆ ಕೇರಿಯವರು. ಪೂಜೆ ಒಂದೇ, ಸತ್ಪ್ರಸಾದ ಒಂದೇ, ನಾವು ತೆಗೆದುಕೊಂಡಾದ ಮೇಲೆ ಅವರಿಗೆ ಅಷ್ಟೆ. ದೇವರ ಮುಂದೆ ಎಲ್ಲರೂ ಸಮಾನರು ಎಂದು ನಾನು ಪ್ರತಿ ಭಾನುವಾರ ಮಕ್ಕಳಿಂದ ಹೇಳಿಸುತ್ತಿದ್ದೆ, ಕಟಾಂಜನದ ಈಚೆಯ ಮಕ್ಕಳಿಂದ ಒಮ್ಮೆ, ಆಚೆಯ ಮಕ್ಕಳಿಂದ ಇನ್ನೊಮ್ಮೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಆ ಗಾದೆ ನಮ್ಮಂಥವರಿಗಾಗಿಯೇ ಹುಟ್ಟಿದ್ದು.

ಆ ವರ್ಷದ ಪಾಠದಲ್ಲಿ ಮಗುವನ್ನು ಸಭೆಗೆ ಸೇರಿಸಿಕೊಳ್ಳುವ ಜ್ಞಾನಸ್ನಾನದ ಅಧ್ಯಾಯ ನಡೆಯುತ್ತಿತ್ತು. "ಜ್ಞಾನಸ್ನಾನ ಯಾರು ಕೊಡಬಹುದು?" ಎಂದು ನಾನು ಕೇಳಬೇಕು. "ಗುರುಗಳು. ಸಾವಿನ ಅಪಾಯವಿದ್ದರೆ ಯಾರು ಬೇಕಾದರೂ" ಎಂದು ಮಕ್ಕಳು ಕೂಗಬೇಕು. "ಹೇಗೆ?" "ತಲೆಯ ಮೇಲೆ ನೀರು ಹರಿಯುವಂತೆ ಹುಯ್ಯುತ್ತ, ಹುಯ್ಯುವವರೇ ಜ್ಞಾನಸ್ನಾನದ ಮಾತು ಹೇಳಬೇಕು." ಆಗ ಬಸುರಿಯಾಗಿದ್ದ ಮದಲಿ ತಲೆಯ ಮೇಲೆ ಸೌದೆ ಹೊತ್ತುಕೊಂಡೇ ಕಿಟಕಿಯಾಚೆ ನಿಂತು ಮಕ್ಕಳ ಜೊತೆ ತುಟಿ ಅಲ್ಲಾಡಿಸುತ್ತಿದ್ದಳು. ಒಂದು ದಿನ ನಾನು, "ಏನೇ ಮದಲಿ, ಪರೀಕ್ಷೆ ಕಟ್ತೀಯಾ?" ಎಂದು ರೇಗಿಸಿದೆ. "ಕಿವಿಗ್ ಬಿದ್ದುದ್ದ ಕೇಳುಸ್ಕೊಂಡೆ ಕಣವ್ವ, ಕಾಸೇನ್ ಕೊಡ್ಬೇಕಾ?" ಎಂದು ಅವಳೂ ನಕ್ಕು ನಡೆದಳು.

ದೀಪಾವಳಿ ಕಳೆದು ರಾಗಿ ತೆನೆ ಬಲಿಯುತ್ತಿದ್ದ ಹೊತ್ತಿಗೆ ಮೊದಲ ಇಲಿ ಬಿತ್ತು. ಬಿದ್ದದ್ದು ಚರ್ಚಿನೊಳಗೇ. ಸಂಜೆ ಜಪದ ನಡುವೆ ಜಂತಿಯಿಂದ ದೊಪ್ಪನೆ ಬಿದ್ದು, ಕಟಾಂಜನದ ಬುಡದಲ್ಲಿ ಒಂದು ಸುತ್ತು ಸುತ್ತಿ ಸತ್ತಿತು. ಅಪ್ಪ ಜಪವನ್ನು ಅರ್ಧಕ್ಕೆ ನಿಲ್ಲಿಸಲಿಲ್ಲ, ಬೇಗ ಬೇಗ ಹೇಳಿ ಮುಗಿಸಿದರು. ಮೂರನೇ ದಿನಕ್ಕೆ ಊರಿನ ಎಲ್ಲ ಅಟ್ಟಗಳಿಂದ ವಾಸನೆ ಬರತೊಡಗಿತು. ಐದನೇ ದಿನ ನಮ್ಮ ಪಕ್ಕದ ಮನೆಯ ಅಕ್ಕನ ಕಂಕುಳಲ್ಲಿ ಗಡ್ಡೆ ಎದ್ದಿತು.

ತಾಲ್ಲೂಕಿನಿಂದ ಬಂದವರು ಪ್ಲೇಗು ಬಂದಿದೆ, ಊರು ಬಿಡಿ ಎಂದು ಸಾರಿದರು. ಹೆಂಚು ತೆಗೆದು, ಬಾಗಿಲು ತೆರೆದು, ಬಿಸಿಲು ಬೀಳಲು ಮನೆಗಳನ್ನು ಬಿಟ್ಟು ನಾವೆಲ್ಲ ಹೊಲಕ್ಕೆ ನಡೆದೆವು. ಹುಣಸೂರಿನಲ್ಲಿ ಗಾಡಿ ಮಾಡುತ್ತಿದ್ದ ಇಮಾಮ್ ಸಾಬರು ಎರಡು ಗಾಡಿ ಬಿದಿರು ತಂದು ಹಾಕಿದರು. ನಮ್ಮ ಸಭೆಯ ಜೋಪಡಿಗಳಿಗೆ ಜಾಗ ಗುರುತು ಮಾಡಿದವರು ಅಪ್ಪ. ಬಾವಿಯಿದ್ದ ದಿಣ್ಣೆಯ ಮೇಲೆ ನಮ್ಮ ಸಾಲು. ಕೆಳಗೆ, ದಿಣ್ಣೆಯ ನೀರೆಲ್ಲ ಹರಿದು ನಿಲ್ಲುವ ತಗ್ಗಿನಲ್ಲಿ ಕೇರಿಯವರ ಸಾಲು. ಕಟಾಂಜನವನ್ನು ಹೊತ್ತು ತರಲು ಆಗಲಿಲ್ಲ. ಭಾನುವಾರದ ಜಪಕ್ಕೆ ಹುಣಸೆಮರದಡಿ ಎರಡು ಗೂಟ ನೆಟ್ಟು ನಡುವೆ ಹಗ್ಗ ಕಟ್ಟಿದರು. ಬಿದಿರು ಇಳಿಸುತ್ತಿದ್ದ ಇಮಾಮ್ ಸಾಬರು ಅದನ್ನು ನೋಡಿ, "ಏನ್ ಉಪದೇಸಿಗಳೇ, ಬೀಮಾರಿಗೂ ಈ ಹಗ್ಗ ಕಾಣ್ಸತ್ತಾ?" ಎಂದರು. ಅಪ್ಪ ಕೇಳದವರ ಹಾಗೆ ಗೂಟ ಬಡಿಯುತ್ತಿದ್ದರು.

ಅಪ್ಪ ಕೆಟ್ಟವರಾಗಿರಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. ಗುರುಗಳು ಹಿಂದಿನ ಭೇಟಿಯಲ್ಲೇ, ಕ್ರಿಸ್ತಜಯಂತಿಯೊಳಗೆ ಕಟಾಂಜನ ತೆಗೆಸಬೇಕು ಎಂದು ಖಡಾಖಂಡಿತವಾಗಿ ಹೇಳಿ ಹೋಗಿದ್ದರು. ನಾನು ಅದನ್ನು ನೆನಪಿಸಿದಾಗ ಅಪ್ಪ, "ಕಟಾಂಜನ ಬೇಡ ಅಂದ್ರು. ಹಗ್ಗದ ಮಾತು ಎತ್ತಲಿಲ್ಲವಲ್ಲ" ಎಂದರು.

ಬಾವಿಯ ಪದ್ಧತಿಯೂ ಹೊಲಕ್ಕೆ ನಮ್ಮ ಜೊತೆಗೇ ಬಂತು. ಕೇರಿಯವರು ಸೇದುವ ಹಾಗಿಲ್ಲ. ಅವರು ಕೊಡ ತಂದು ಕಟ್ಟೆಯ ಕೆಳಗೆ ಇಟ್ಟು ದೂರ ಸರಿಯಬೇಕು, ನಮ್ಮಲ್ಲೊಬ್ಬರು ಸೇದಿ, ಕೊಡಕ್ಕೆ ತಾಗದಂತೆ ಮೇಲಿನಿಂದ ಹುಯ್ಯಬೇಕು. ಉಪದೇಶಿಯ ಮಗಳೆಂದು ಆ ಪುಣ್ಯದ ಕೆಲಸ ನನಗೆ ಬಿತ್ತು. ಬೆಳಿಗ್ಗೆ ಮಂಜಿನಲ್ಲಿ ಕೆಳಗಿನ ಸಾಲಿನ ಕೊಡಗಳೆಲ್ಲ ಬರುತ್ತಿದ್ದವು. ಮೊಳದೆತ್ತರದಿಂದ ಒಂದು ಹನಿ ಆಚೀಚೆ ಹೋಗದ ಹಾಗೆ ಹುಯ್ಯಲು ಕಲಿತೆ. ಕೈ ಎಷ್ಟು ಪಳಗಿತೆಂದರೆ ಅದರ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಸಾವುಗಳನ್ನು ಒಂದೊಂದಾಗಿ ಹೇಳುವುದಿಲ್ಲ. ರಾಗಿ ಕೊಯ್ಯುವವರಿಲ್ಲದೆ ಹೊಲದಲ್ಲೇ ಬಾಗಿ ಮಲಗಿತು. ಹಗಲಲ್ಲಿ ಊರಿನ ಕಡೆ ನೋಡಿದರೆ ಹೆಂಚಿಲ್ಲದ ಜಂತಿಗಳು ಮಾತ್ರ ಕಾಣುತ್ತಿದ್ದವು. ಬಿಟ್ಟು ಬಂದ ನಾಯಿಗಳು ಮೊದಮೊದಲು ಊಳಿಡುತ್ತಿದ್ದವು, ಆಮೇಲೆ ಅದೂ ನಿಂತಿತು. ಬೆಳಿಗ್ಗೆ ಕೊಡಗಳನ್ನು ಎಣಿಸಿದರೆ ಹಿಂದಿನ ದಿನ ಕೆಳಗಿನ ಸಾಲಿನಲ್ಲಿ ಏನಾಯಿತೆಂದು ಗೊತ್ತಾಗುತ್ತಿತ್ತು. ನಮ್ಮ ಸಾಲಿನಲ್ಲೂ ಸಾವು ಇರಲಿಲ್ಲವೆಂದಲ್ಲ. ನನ್ನ ಅಜ್ಜಿಯ ಓರಗೆಯ ಲೂಸಮ್ಮನಿಗೆ ಗಡ್ಡೆ ಎದ್ದಾಗ ನಾನೇ ಜೋಪಡಿಯೊಳಗೆ ಹೋಗಿ, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೆ ಗಂಜಿ ಕುಡಿಸಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ನಾನು ಮರೆಯಲು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ.

ಮದಲಿಯ ಗಂಡ ಕಾಕನಕೋಟೆ ಕಡೆ ಮರ ಎಳೆಯುವ ಕೂಲಿಗೆ ಹೋದವನು ತಿರುಗಿ ಬಂದಿರಲಿಲ್ಲ. ಆ ತಗ್ಗಿನ ಜೋಪಡಿಯಲ್ಲೇ ಅವಳಿಗೆ ಹೆಣ್ಣುಮಗು ಹುಟ್ಟಿತು. ಗುರುಗಳಿಗೆ ಕ್ರಿಸ್ತಜಯಂತಿಗೆ ಬರಲಾಗಲಿಲ್ಲ, ಹೆಗ್ಗಡದೇವನಕೋಟೆಯ ಕಡೆಯೂ ಜನ ಸಾಯುತ್ತಿದ್ದರು. ಹಾಗಾಗಿ ಮಗುವಿಗೆ ಜ್ಞಾನಸ್ನಾನ ಆಗಿರಲಿಲ್ಲ. ಹತ್ತನೇ ದಿನ ಮಧ್ಯಾಹ್ನ ಮದಲಿ ಬಾವಿಯ ಹತ್ತಿರ ಓಡಿ ಬಂದಳು. ಕೈಯಲ್ಲಿ ಕೊಡ ಇರಲಿಲ್ಲ.

"ಅವ್ವಾ, ಮಗು ಮೊಲೆ ಬುಟ್ಬುಡ್ತು. ಕಣ್ಣು ಮೇಲ್ಕಾಗದೆ. ಉಪದೇಸಿಗೋಳ ಕರೀರಿ."

ಅಪ್ಪ ಸುಣ್ಣ ತರಲು ಹುಣಸೂರಿಗೆ ಹೋಗಿದ್ದರು. ಬರುವುದು ಸಂಜೆಯೇ.

"ಅಂಗಾರೆ ನೀವೇ ಬನ್ನಿ. ಯಾರ್ ಬೇಕಾರೂ ಕೊಡ್ಬೌದು ಅಂತ ನೀವೇ ಏಳ್ಕೊಟ್ಟಿದ್ದಲ್ವಾ?"

ಆ ಕಾಲದಲ್ಲಿ ನಮಗೆ ಕಲಿಸಿದ್ದು ಹೀಗೆ: ಜ್ಞಾನಸ್ನಾನವಿಲ್ಲದೆ ಸತ್ತ ಕೂಸಿಗೆ ಜನ್ಮಪಾಪ ತೊಳೆದಿರುವುದಿಲ್ಲ, ಅದು ದೇವರ ಮುಖ ಕಾಣುವುದಿಲ್ಲ. ಮಂತ್ರಿಸಿದ ಮಣ್ಣಿನಲ್ಲಿ ಅದಕ್ಕೆ ಜಾಗವಿಲ್ಲ, ಸಮಾಧಿ ಭೂಮಿಯ ಗೋಡೆಯಾಚೆ ಕಳ್ಳಿಬೇಲಿಯ ಬುಡದಲ್ಲಿ ಹೂಳಬೇಕು. ತಾಯಿ ಮುಂದೆ ಸತ್ತು ಸ್ವರ್ಗಕ್ಕೆ ಹೋದರೂ ಅಲ್ಲಿ ತನ್ನ ಮಗುವನ್ನು ಕಾಣಳು. ಮದಲಿ ಓಡಿ ಬಂದದ್ದು ಮಗು ಉಳಿಯಲಿ ಎಂದಲ್ಲ. ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಕಳ್ಳಿಬೇಲಿಯ ಬುಡಕ್ಕೆ ಹೋಗದಿರಲಿ ಎಂದು.

ಚೆಂಬಿನಲ್ಲಿ ನೀರು ಹಿಡಿದು ಅವಳ ಹಿಂದೆ ದಿಣ್ಣೆ ಇಳಿದೆ. ಅಲ್ಲಿ ಜೋಪಡಿಯ ನೆಲ ಇನ್ನೂ ಒದ್ದೆ. ಹೊಸದಾಗಿ ಹೊದಿಸಿದ ಹಸಿ ಗರಿಯ ವಾಸನೆಯಲ್ಲಿ ಉಸಿರಾಡುವುದೇ ಕಷ್ಟ. ಬಾಗಿಲೆಂದರೆ ಒಂದು ತಟ್ಟಿ, ಹೊಸ್ತಿಲೆಂದರೆ ಒಂದು ಬಿದಿರ ಗಳ. ಒಳಗೆ ಕತ್ತಲಲ್ಲಿ, ಮೂಲೆಯ ಹುಲ್ಲಿನ ಮೇಲೆ ಬಟ್ಟೆಯ ಸಣ್ಣ ಗಂಟು. ಮದಲಿ ಒಳಗೆ ಹೋಗಿ ಮಗುವಿನ ಪಕ್ಕ ಕೂತು ನನ್ನತ್ತ ನೋಡಿದಳು. ನನ್ನ ಕಾಲು ಆ ಗಳದ ಹತ್ತಿರ ನಿಂತುಬಿಟ್ಟಿತು.

ಇನ್ನು ನಾಲ್ಕು ಹೆಜ್ಜೆ. ನಾನು ಹಾಕಲಿಲ್ಲ. ಬಾಗಿಲಲ್ಲೇ ನಿಂತು, ಅಂಗೈಗೆ ನೀರು ಹುಯ್ದುಕೊಂಡು, "ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ಮರಿಯಾ, ನಿನಗೆ ಜ್ಞಾನಸ್ನಾನ ಕೊಡುತ್ತೇನೆ" ಎನ್ನುತ್ತ ಮೂರು ಸಲ ಒಳಕ್ಕೆ ಎರಚಿದೆ. ಹುಲ್ಲಿನ ಮೇಲೆ ಪಟಪಟನೆ ಹನಿ ಬಿದ್ದ ಸದ್ದು ಕೇಳಿಸಿತು. ಮಗುವಿನ ತಲೆ ಎಲ್ಲಿದೆಯೆಂದೇ ನನಗೆ ಸರಿಯಾಗಿ ಕಂಡಿರಲಿಲ್ಲ.

ಮದಲಿ ಕೇಳಿದಳು, "ಬಿತ್ತಾ ಅವ್ವಾ?"

"ಬಿತ್ತು ಕಣೆ" ಎಂದೆ.

ಪ್ಲೇಗಿಗೆ ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಲೂಸಮ್ಮನ ತಲೆ ನನ್ನ ತೊಡೆಯ ಮೇಲಿತ್ತಲ್ಲ, ಅಲ್ಲಿದ್ದದ್ದೂ ಪ್ಲೇಗೇ. ಆ ಮಗುವಿಗಾದರೋ ಗಡ್ಡೆಯೂ ಇರಲಿಲ್ಲ. ನನ್ನ ಕೈ ದಿನವೂ ಏನು ಕಲಿತಿತ್ತೋ ಅದನ್ನೇ ಮಾಡಿತು. ಕೇರಿಯವರಿಗೆ ನೀರನ್ನು ದೂರದಿಂದ ಕೊಡಬೇಕು ಎಂದು ಅದಕ್ಕೆ ಗೊತ್ತಿತ್ತು, ಅಷ್ಟೆ.

ಅಪ್ಪ ಬರುವ ಹೊತ್ತಿಗೆ ಮಗು ಹೋಗಿತ್ತು. "ನೀರು ತಲೆ ಮೇಲೆ ಹರೀತೇನಮ್ಮ?" ಎಂದು ಕೇಳಿದರು. ಹರಿಯಿತು ಎಂದೆ. ಮುಳುಗುವ ಬಿಸಿಲಿನಲ್ಲಿ ಗೋಡೆಯೊಳಗೆ, ಮಂತ್ರಿಸಿದ ಮಣ್ಣಿನಲ್ಲಿ ಹೂತರು. ನಾಲ್ಕನೇ ದಿನ ಗುರುಗಳು ಬಂದು ಜ್ಞಾನಸ್ನಾನದ ಪುಸ್ತಕ ತೆರೆದು ಅದೇ ಪ್ರಶ್ನೆ ಕೇಳಿದರು. ಅವರ ನೀಲಿ ಕಣ್ಣಿಗೆ ಎದುರಾಗಿ ಅದೇ ಉತ್ತರ ಕೊಟ್ಟೆ. ಮಗುವಿನ ಹೆಸರು ಮರಿಯಾ, ಕೊಟ್ಟವಳು ಉಪದೇಶಿಯ ಮಗಳು ಆರೋಗ್ಯಮ್ಮ ಎಂದು ಬರೆದರು. ಇಲ್ಲ ಎಂದಿದ್ದರೆ ಆ ಹಸಿ ಮಣ್ಣನ್ನು ಅಗೆದು ಮಗುವನ್ನು ಗೋಡೆಯಾಚೆ ಸಾಗಿಸುತ್ತಾರೆ, ಮದಲಿ ನೋಡುತ್ತ ನಿಲ್ಲುತ್ತಾಳೆ ಎಂಬ ಭಯ ನನಗಿತ್ತು. ಅದಕ್ಕಿಂತ ದೊಡ್ಡ ಭಯ, ಏಕೆ ಒಳಗೆ ಹೋಗಲಿಲ್ಲ ಎಂದು ಯಾರಾದರೂ ಕೇಳುತ್ತಾರೆ ಎಂಬುದು.

ಭಾನುವಾರ ಗುರುಗಳು ಹುಣಸೆಮರದಡಿ ಪೂಜೆಗೆ ನಿಂತವರು ಹಗ್ಗವನ್ನು ನೋಡಿ ತಡೆದರು. ತಾವೇ ಹೋಗಿ ಗಂಟು ಬಿಚ್ಚಿದರು. ಆಮೇಲೆ ತಮ್ಮ ತೊಡಕು ಕನ್ನಡದಲ್ಲಿ ಹೇಳಿದರು: "ವರಪ್ರಸಾದ ಅಂದರೆ ದೇವರು ಸುಮ್ಮನೆ ಕೊಟ್ಟದ್ದು. ನೀವು ಸಂಪಾದಿಸಿದ್ದು ಅಲ್ಲ. ಸುಮ್ಮನೆ ಸಿಕ್ಕಿದ್ದಕ್ಕೆ ಕಾವಲು ಯಾಕೆ ನಿಲ್ಲುತ್ತೀರಿ? ಈ ಹಗ್ಗ ಬಾವಿಗೆ. ಇವರು ಇದರಲ್ಲಿ ಸೇದಲಿ." ಹಗ್ಗವನ್ನು ಕೊಂಡೊಯ್ದು ಕೇರಿಯ ಮುದುಕನೊಬ್ಬನ ಕೈಗೆ ಕೊಟ್ಟರು. ಅವನು ಅದನ್ನು ಹಾವು ಹಿಡಿದವನಂತೆ ದೂರ ಹಿಡಿದುಕೊಂಡ. ಕೊನೆಗೆ ಗುರುಗಳು ನನ್ನತ್ತ ಕೈ ತೋರಿಸಿ, "ಈ ಮಗಳನ್ನು ನೋಡಿ ಕಲಿಯಿರಿ. ಸಾವಿಗೂ ಹೆದರದೆ ಇವಳು ಆ ಮನೆಯೊಳಗೆ ಹೋದಳು" ಎಂದರು. ಹೆಂಗಸರ ನಡುವೆ ಕೂತಿದ್ದ ಮದಲಿ ತಲೆಯೆತ್ತಿ ನನ್ನನ್ನು ನೋಡಿದಳು.

ಮರುದಿನ ಬಾವಿಯಲ್ಲಿ ಕೇರಿಯವರ ಕೊಡ ಇಳಿಯಿತು. ಅದರ ಮರುದಿನ ನಮ್ಮ ಸಾಲಿನ ಆರು ಮನೆಯವರು ಗಂಟುಮೂಟೆ ಕಟ್ಟಿದರು. ಮುಟ್ಟಿದ ಬಾವಿಯ ನೀರು ಕುಡಿಯುವುದಕ್ಕಿಂತ ಊರಿನ ಮನೆಯೇ ವಾಸಿ ಎಂದರು. ಊರಿಗೆ ಮರಳಲು ಇನ್ನೂ ಅಪ್ಪಣೆ ಆಗಿರಲಿಲ್ಲ. ಗುರುಗಳು ಆಗಲೇ ಪಿರಿಯಾಪಟ್ಟಣ ದಾಟಿದ್ದರು. ಅಪ್ಪ ಮೊದಲು ಬೇಡವೆಂದರು, ಕೈ ಮುಗಿದರು, ಕೊನೆಗೆ ಅವರ ಜೊತೆಗೇ ಹೊರಟರು. "ಸಭೆ ಎಲ್ಲೋ ಉಪದೇಶಿ ಅಲ್ಲೇ ಕಣಮ್ಮ" ಎಂದರು. ಕೆಳಗಿನ ಸಾಲಿನಲ್ಲಿದ್ದದ್ದೂ ಸಭೆಯೇ ಎಂದು ನಾನು ಹೇಳಬೇಕಿತ್ತು. ತಮ್ಮನನ್ನು ಕಟ್ಟಿಕೊಂಡು ನಾನು ಜೋಪಡಿಯಲ್ಲೇ ಉಳಿದೆ.

ಒಂಬತ್ತನೇ ದಿನಕ್ಕೆ ಊರಿನಿಂದ ಅಪ್ಪನಿಗೂ ಗಡ್ಡೆ ಎದ್ದ ಸುದ್ದಿ ಬಂತು. ಉಪವಾಸಕಾಲ ಶುರುವಾಗುವ ವಿಭೂತಿ ಬುಧವಾರಕ್ಕೆ ಎರಡು ದಿನ ಮುಂಚೆ ಅಪ್ಪ ತೀರಿಕೊಂಡರು. ಆ ಆರು ಮನೆಗಳಲ್ಲಿ ಮೂರರ ಬಾಗಿಲು ಮತ್ತೆ ಮುಚ್ಚಲು ಯಾರೂ ಉಳಿಯಲಿಲ್ಲ. ಅಪ್ಪನ ಗುಂಡಿ ತೋಡಿದವರು ಕೇರಿಯವರು. ಅವರನ್ನು ತಡೆಯುವವರು ಆ ದಿನ ಇರಲಿಲ್ಲ.

ನನ್ನ ಸುಳ್ಳಿಗೇ ಇದೆಲ್ಲ ಬಂತೆಂದು ನಾನು ನಂಬಿದೆ. ಆದರೂ ಬಾಯಿ ಬಿಡಲಿಲ್ಲ. ಗುರುಗಳಿಗೆ ಗುಟ್ಟಾಗಿ ಹೇಳುವ ಪಾಪನಿವೇದನೆಯಲ್ಲಿ ಬೇಕೆಂದೇ ಒಂದು ಪಾಪ ಮುಚ್ಚಿಟ್ಟರೆ ಉಳಿದ ಪಾಪಗಳಿಗೂ ಕ್ಷಮೆಯಿಲ್ಲ, ಆಮೇಲೆ ತೆಗೆದುಕೊಂಡ ಸತ್ಪ್ರಸಾದವೆಲ್ಲ ದೇವದ್ರೋಹ. ಇದನ್ನೂ ನಾನೇ ಮಕ್ಕಳಿಗೆ ಕಲಿಸುತ್ತಿದ್ದೆ. ಕಲಿಸಿ ಎದ್ದು ಹೋಗಿ, ಕೋಪಿಸಿಕೊಂಡೆ, ಜಪ ತಪ್ಪಿಸಿದೆ ಎಂಬ ಚಿಲ್ಲರೆ ಪಾಪಗಳನ್ನು ಒಪ್ಪಿಸಿ ಸತ್ಪ್ರಸಾದಕ್ಕೆ ನಾಲಿಗೆ ಚಾಚುತ್ತಿದ್ದೆ. ಒಪ್ಪಿಕೊಂಡರೆ, ಹೋಗಿ ಆ ತಾಯಿಗೆ ನಿಜ ಹೇಳು ಎನ್ನುತ್ತಾರೆಂಬ ಹೆದರಿಕೆ. ಮೂವತ್ತು ವರ್ಷ ಹೀಗೇ ಕಳೆದೆ. ನೆರೆಹೊರೆಯವರು ನನ್ನನ್ನು ಭಕ್ತೆ ಎನ್ನುತ್ತಾರೆ.

ಮೊನ್ನೆ ಚಪ್ಪರದ ಕೆಳಗೆ ಕೆಲಸದವರೆಲ್ಲ ಊಟಕ್ಕೆ ಎದ್ದು ಹೋಗಿದ್ದರು. ಮದಲಿ ಒಬ್ಬಳೇ ಕೂತಿದ್ದಳು. ಆ ವಾಸನೆ ತಡೆಯಲಾಗಲಿಲ್ಲವೋ, ವಯಸ್ಸು ತಡೆಯಲಿಲ್ಲವೋ, ಬಾಗಿಲಲ್ಲಿ ನಿಂತವಳು ಹೇಳಿಯೇಬಿಟ್ಟೆ.

"ಮದಲಿ, ಆ ದಿನ ನೀರು ಮಗು ಮೇಲೆ ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ ಕಣೆ. ಬಿತ್ತು ಅಂತ ಸುಳ್ಳು ಹೇಳಿದೆ."

ಅವಳ ಬೆರಳು ನಿಲ್ಲಲಿಲ್ಲ. "ಬೀಳ್ನಿಲ್ಲ" ಎಂದಳು.

ಅವಳು ಗರಿಯ ಇನ್ನೊಂದು ಎಳೆ ಮಡಿಸಿದಳು.

"ಒಂದನಿನೂ ಬೀಳ್ನಿಲ್ಲ ಕಣವ್ವ. ಉಲ್ಲು ನೆಂದಿತ್ತು, ನನ್ ಸೀರೆ ನೆಂದಿತ್ತು. ಬಿತ್ತಾ ಅಂತ ಕೇಳುದ್ನಲ್ಲ, ನೀವೇನಂದೀರಿ ನೋಡ್ಮ ಅಂತ ಕೇಳ್ದೆ. ನೀವ್ ಓದ್ಮೇಲೂ ಮಗಿಗೆ ಉಸ್ರಿತ್ತು. ನಂ ಕೊಡ್ದಲ್ಲಿ ನೀರಿತ್ತು. ನೆತ್ತಿ ಮ್ಯಾಲೆ ಅರ್‍ಯಂಗೆ ನಾನೇ ಉಯ್ದೆ. ಮಾತೂ ಏಳ್ದೆ. ಕಿಟ್ಕಿತವು ನಿಂತು ಕಲ್ತಿದ್ನಲ್ಲ."

"ಅಯ್ಯೋ, ಯಾಕೆ ಹೇಳಲಿಲ್ಲವೇ ಇಷ್ಟು ದಿನ?"

"ಯಾರ್‍ಗೇಳಾದು? ಕೇರಿ ಎಂಗ್ಸು ಜ್ಞಾನಸ್ನಾನ ಕೊಟ್ಳು ಅಂದ್ರೆ ನಿಮ್ಮಪ್ಪಾರು ನನ್ ಮಗಿನ ಗೋಡೆ ಒಳೀಕ್ ಬುಡೋರಾ? ನಿಮ್ ಕೈ ಅಂದ್ರೆ ಬುಟ್ರು."

ಆ ಮಗು ದೇವರ ಬಳಿ ಸುಖವಾಗಿದೆ. ನನ್ನ ಎದೆಗೆ ಮೊದಲು ಬಂದದ್ದು ಆ ಸಮಾಧಾನ, ಅದು ಒಂದು ಗಳಿಗೆಯಷ್ಟೇ ಇತ್ತು. ಮೂವತ್ತು ವರ್ಷ ಪ್ರತಿ ಭಾನುವಾರ ನನ್ನ ಹಿಂದೆ ಕೂತು, ಎಲ್ಲ ತಿಳಿದೂ ಇವಳು ನನ್ನನ್ನು ನೋಡಿದ್ದಾಳೆ. ಗುರುಗಳು ನನ್ನನ್ನು ಹೊಗಳಿದ ದಿನವೂ ನೋಡಿದ್ದಳು. ಕೇಳಬಾರದಿತ್ತು, ಆದರೂ ಕೇಳಿದೆ: "ಏನು ಹೆಸರಿಟ್ಟು ಕೊಟ್ಟೆ? ಪುಸ್ತಕದಲ್ಲಿ ಮರಿಯಾ ಅಂತ ಬರೆಸಿದ್ದೀನಿ."

"ಬುಡಿ ಅವ್ವ. ಅದೊಂದು ನಂತವೇ ಇರ್ಲಿ."

"ಒಳಗೆ ಬಾರೆ ಮದಲಿ. ನನ್ನ ಜೊತೆ ಕೂತು ಊಟ ಮಾಡು ಬಾ" ಎಂದೆ.

ಅವಳು ಆಗ ಮೊದಲ ಸಲ ತಲೆಯೆತ್ತಿದಳು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದಳು. "ಇವತ್ತೂ ಬಾಗ್ಲಲ್ಲೇ ನಿಂತ್ಕಂಡು ಕರೀತಿದ್ದೀರಲ್ಲ" ಎಂದು ಹೇಳಿ ಇನ್ನೊಂದು ಗರಿ ಎಳೆದುಕೊಂಡಳು.

ಕೆಳಗೆ ನೋಡಿಕೊಂಡೆ. ಎರಡು ಪಾದವೂ ಹೊಸ್ತಿಲ ಒಳಗೇ ಇದ್ದವು. ದಾಟಿ ಇಳಿದು ಹೋಗಿ ಅವಳ ಪಕ್ಕ ಹಸಿ ಗರಿಗಳ ಮೇಲೆ ಕೂತೆ. ಅವಳು ಬಾ ಎನ್ನಲಿಲ್ಲ, ಏಳು ಎನ್ನಲೂ ಇಲ್ಲ. ನಾನೂ ಒಂದು ಗರಿ ತೆಗೆದುಕೊಂಡು ಮಡಿಸತೊಡಗಿದೆ. ನನ್ನ ಹೆಣಿಗೆ ಸಡಿಲವಾಗಿತ್ತು. ಅವಳು ಅದನ್ನು ನನ್ನ ಕೈಯಿಂದ ಕಿತ್ತುಕೊಂಡು, ಬಿಚ್ಚಿ, ಮೊದಲಿನಿಂದ ಹೆಣೆದಳು.